ಮೊಲದ ಬುತ್ತಿ

ನಮ್ಮೂರಿನ ಗಣಿಯಲ್ಲಿ ನೋಡಲು ಏನೂ ಇಲ್ಲ. ಟಿಕೆಟ್ ಮಾರುವವಳು ಹೀಗೆ ಹೇಳಬಾರದು, ಆದರೆ ಇರುವ ಮಾತು ಅದು. ಒಳಗೆ ಹೋದರೆ ಕಪ್ಪು ಗೋಡೆ, ಮುಂದೆ ಹೋದರೆ ಇನ್ನೊಂದು ಕಪ್ಪು ಗೋಡೆ, ನಡುವೆ ತಲೆ ತಗ್ಗಿಸಿ ನಡೆಯುವ ದಾರಿ. ಸ್ಲೇಟುಕಲ್ಲಿನ ಗಣಿ ಇನ್ನು ಹೇಗಿದ್ದೀತು? ಒಂದು ಕಾಲಕ್ಕೆ ಈ ಗುಡ್ಡದ ಕಲ್ಲಿನ ಹಲಗೆಗಳು ಸುತ್ತಲಿನ ಊರುಗಳ ಮನೆ, ಚರ್ಚು, ದನದ ಕೊಟ್ಟಿಗೆ ಎಲ್ಲಕ್ಕೂ ಮಾಡು ಹೊದಿಸಿದ್ದವು. ಆಮೇಲೆ ಎಲ್ಲಿಂದಲೋ ಹಡಗಿನಲ್ಲಿ ಅಗ್ಗದ ಕಲ್ಲು ಬರತೊಡಗಿತು, ಗಣಿ ಮುಚ್ಚಿತು. ಕೆಲಸ ಕಳೆದುಕೊಂಡವರು ಸಂಘ ಕಟ್ಟಿಕೊಂಡು, ತಾವು ಬೆವರು ಸುರಿಸಿದ ಅದೇ ಬಿಲವನ್ನು ಜನರಿಗೆ ತೋರಿಸತೊಡಗಿದರು.

ಪಕ್ಕದೂರಿನವರ ಅದೃಷ್ಟ ಬೇರೆ. ಅಲ್ಲಿ ಸುಣ್ಣಕಲ್ಲಿನ ಗುಹೆ ಇದೆ. ಹನಿ ಹನಿಯಾಗಿ ನೀರಿಳಿದು ಮೇಲಿನಿಂದ ಕಲ್ಲಿನ ಕೋಲುಗಳು ತೂಗುತ್ತವೆ, ನೆಲದಿಂದ ಕಂಬಗಳು ಎದ್ದಿವೆ. ಒಂದು ಕಂಬಕ್ಕೆ ಮದುಮಗಳು ಎಂದು ಹೆಸರಿಟ್ಟು, ಕೆಳಗಿನಿಂದ ಗುಲಾಬಿ ಬಣ್ಣದ ದೀಪ ಬಿಟ್ಟಿದ್ದಾರೆ. ನನ್ನ ಕಣ್ಣಿಗೆ ಅದು ಒಣಗಲು ಹಾಕಿದ ಟವೆಲ್ಲಿನಂತೆ ಕಾಣುತ್ತದೆ. ಆದರೂ ಜನ ಬಸ್ಸುಗಟ್ಟಲೆ ಬಂದು ಮದುಮಗಳ ಫೋಟೊ ಹೊಡೆದುಕೊಂಡು ಹೋಗುತ್ತಾರೆ. ಮಳೆ ಬಿಡದಿದ್ದರೆ, ಮಕ್ಕಳು ಇನ್ನೂ ಹಟ ಮಾಡುತ್ತಿದ್ದರೆ, ಆಮೇಲೆ ನಮ್ಮ ಕಡೆಗೆ ತಿರುಗುತ್ತಾರೆ.

ಹೀಗೆ ಮಿಕ್ಕು ಬಂದವರನ್ನು ಹಿಡಿದಿಡಲು ಲೋಥರ್ ಒಂದು ಕಥೆ ಕಟ್ಟಿದ. ಲೋಥರ್ ಸಂಘದ ಅಧ್ಯಕ್ಷ, ಗಣಿಯೊಳಗೆ ಜನರನ್ನು ಕರೆದೊಯ್ಯುವವನೂ ಅವನೇ. ದೊಡ್ಡ ಗಂಟಲು, ಮೆತ್ತಗಿನ ಮನಸ್ಸು. ನಮ್ಮ ಪಕ್ಕದ ಮನೆಯವನು. ಗಣಿ ನಡೆಯುತ್ತಿದ್ದಾಗ ಇನ್ನೂ ಮೀಸೆ ಮೂಡದ ಹುಡುಗ, ಹೊರಗೆ ಶೆಡ್ಡಿನಲ್ಲಿ ಕಲ್ಲು ಸೀಳುತ್ತಿದ್ದ. ಸುರಂಗದ ತುದಿಯಲ್ಲಿ ಇಟ್ಟಿಗೆ ಕಟ್ಟಿ ಮುಚ್ಚಿದ ಒಂದು ಜಾಗವಿದೆ. ಅಲ್ಲಿ ಎಲ್ಲರನ್ನೂ ನಿಲ್ಲಿಸಿ, ದೀಪ ಆರಿಸಿ, ಅವನು ಕಥೆ ಶುರು ಮಾಡುತ್ತಾನೆ. ಈ ಗೋಡೆಯ ಹಿಂದೆ ಬಂಡೆ ಕುಸಿದು ಒಬ್ಬ ಎಳೆಯ ಪ್ರಾಯದ ತಂದೆ ಸಿಕ್ಕಿಕೊಂಡ. ಗಣಿಯಲ್ಲಿ ಒಂದು ಕಟ್ಟಳೆ, ಬಡಿತ ಕೇಳಿದವನು ಮರುಬಡಿಯಲೇಬೇಕು. ಆತ ಸುತ್ತಿಗೆಯಿಂದ ಬಡಿದ, ಈಚೆಗಿದ್ದ ಜೊತೆಗಾರರು ಮರುಬಡಿದರು, ಅಗೆದರು. ಎರಡು ದಿನ ಬಡಿತ ಕೇಳುತ್ತಲೇ ಇತ್ತು. ಮೂರನೆಯ ದಿನ ಬೆಳಿಗ್ಗೆ ನಿಂತಿತು. ಇಷ್ಟು ಹೇಳಿ ಲೋಥರ್ ಕತ್ತಲಲ್ಲೇ ಕಬ್ಬಿಣದ ಕೊಳವೆಗೆ ಟಣ್, ಟಣ್, ಟಣ್ ಎಂದು ಬಡಿಯುತ್ತಾನೆ. ಮಕ್ಕಳು ಕಿರುಚಿ ಅಮ್ಮಂದಿರನ್ನು ತಬ್ಬುತ್ತವೆ. ದೀಪ ಹತ್ತುತ್ತದೆ. ಎಲ್ಲರೂ ಹೊರಗೆ ಬಂದು ಕೇಕು ತಿನ್ನುತ್ತಾರೆ.

ಆ ಎಳೆಯ ಪ್ರಾಯದ ತಂದೆ ನನ್ನ ಅಪ್ಪ, ಆಲ್ಬಿನ್. ಕೇಕು ಮಾರುವವಳು ನನ್ನ ಅಮ್ಮ, ಹೆಡ್ವಿಗ್.

ಬಂಡೆ ನಿಜ, ಸಾವು ನಿಜ, ಇಟ್ಟಿಗೆ ಗೋಡೆಯೂ ನಿಜ. ಬಡಿತ ಮಾತ್ರ ಲೋಥರನ ಕೈಚಳಕ. ನಾನು ಟಿಕೆಟ್ ಕಿಟಕಿಗೆ ಬಂದ ವರ್ಷವೇ ಅವನನ್ನು ತಡೆದು ಕೇಳಿದ್ದೆ.

"ಏನೋ ಅದು ಬಡಿತ? ಎಲ್ಲಿಂದ ತಂದೆ?"

"ಸ್ವಲ್ಪ ಉಪ್ಪು ಖಾರ ರೋಸಿ, ಅಷ್ಟೇ. ಅವರ ಹತ್ರ ಮದುಮಗಳಿದ್ದಾಳೆ. ನಮ್ಮ ಹತ್ರ ಏನಿದೆ ಹೇಳು?"

"ಅಮ್ಮನ ಕಿವಿಗೆ ಬಿತ್ತೋ, ನಿನ್ನ ಚರ್ಮ ಸುಲೀತೀನಿ."

"ಚಿಕ್ಕಮ್ಮನಿಗೆ ಯಾರು ಹೇಳ್ತಾರೆ? ಊರಿಗೆ ಊರೇ ಬಾಯಿಗೆ ಬೀಗ ಹಾಕ್ಕೊಂಡಿದೆ."

ಅದೂ ನಿಜವೇ. ಅಪ್ಪ ಸತ್ತಾಗ ಅಮ್ಮನಿಗೆ ಹೇಳಿದ್ದು ಒಂದೇ ಮಾತು: ಒಂದು ಕ್ಷಣ, ಹೆಡ್ವಿಗ್, ಅವನಿಗೆ ಗೊತ್ತೇ ಆಗಿಲ್ಲ. ಪೆಟ್ಟಿಗೆಯನ್ನು ತೆರೆಯದೆಯೇ ಮಣ್ಣು ಮಾಡಿದರು. ಆ ಮಾತನ್ನು ನಂಬಿಕೊಂಡು ಅಮ್ಮ ಬದುಕಿದ್ದಾಳೆ ಎಂದು ಎಲ್ಲರೂ ತಿಳಿದಿದ್ದರು. ಪಾದ್ರಿ, ಅಂಚೆಯವಳು, ಬೇಕರಿಯವನು, ಯಾರೂ ಅವಳೆದುರು ಲೋಥರನ ಕಥೆ ಎತ್ತುತ್ತಿರಲಿಲ್ಲ. ಅಮ್ಮನಾದರೂ ಗಣಿಯ ಬಾಗಿಲಲ್ಲೇ ಅಂಗಡಿ ಇಟ್ಟು ಒಂದು ಹೆಜ್ಜೆ ಒಳಗಿಟ್ಟವಳಲ್ಲ. ಅವಳ ಕಾಲದಲ್ಲಿ ಹೆಂಗಸರು ಸುರಂಗದೊಳಗೆ ಕಾಲಿಟ್ಟರೆ ಕೇಡು ಎಂದಿತ್ತು. ಗಂಡ ಬುತ್ತಿ ಮರೆತು ಹೋದರೆ ಹೆಂಡತಿ ಬಾಗಿಲಲ್ಲಿ ನಿಂತು ಕೂಗಬೇಕಿತ್ತು. ಈಗ ಹೆಂಗಸರು ಚಡ್ಡಿ, ಚಪ್ಪಲಿಯಲ್ಲಿ ಐಸ್‌ಕ್ರೀಂ ನೆಕ್ಕುತ್ತ ಒಳಗೆ ಹೋಗುತ್ತಾರೆ. ಅಮ್ಮ ಅವರನ್ನು ನೋಡಿ ತಲೆಯಾಡಿಸಿ ಕೇಕು ಕತ್ತರಿಸುತ್ತಿದ್ದಳು.

ಅಪ್ಪನ ನೆನಪು ನನಗೆ ಇರುವುದು ಒಂದೇ. ನಮ್ಮ ಕಡೆ ಕೆಲಸಕ್ಕೆ ಹೋದ ಅಪ್ಪಂದಿರು ಬುತ್ತಿಯ ಬ್ರೆಡ್ಡನ್ನು ಪೂರ್ತಿ ತಿನ್ನುವುದಿಲ್ಲ. ಅರ್ಧ ಉಳಿಸಿ, ಕಾಗದ ಸುತ್ತಿ ಜೇಬಿಗೆ ಹಾಕಿಕೊಂಡು ಬಂದು ಮಕ್ಕಳಿಗೆ ಕೊಡುತ್ತಾರೆ. ದಾರಿಯಲ್ಲಿ ಮೊಲ ಸಿಕ್ಕಿತ್ತು, ನಿನಗೆ ಕೊಡು ಅಂತ ಕಳಿಸಿತು, ಎನ್ನುತ್ತಾರೆ. ಒಣಗಿ ಅಂಚು ಮೇಲೆದ್ದ ಬ್ರೆಡ್ಡು, ಕಲ್ಲಿನ ಪುಡಿಯ ವಾಸನೆ. ಅದಕ್ಕಿಂತ ರುಚಿಯಾದದ್ದನ್ನು ನಾನು ಆಮೇಲೆ ತಿಂದಿಲ್ಲ. ಅದರಲ್ಲೂ ನಮ್ಮ ಮನೆಯ ಮೊಲದ್ದು ಒಂದು ಗುಟ್ಟಿತ್ತು. ಅಪ್ಪನಿಗೆ ಲಿವರ್ ಸಾಸೇಜು ಎಂಬ ಮೆತ್ತನೆಯ ಮಾಂಸದ ಮುದ್ದೆಯ ಜೊತೆ ಸಿಹಿಯಾದ ಪ್ಲಮ್ ಮುರಬ್ಬ ಬೇಕು. ಗೆಳೆಯರು ಕಂಡರೆ ಆಡಿಕೊಂಡು ನಗುತ್ತಾರೆಂದು ಅಮ್ಮ ಮೊದಲು ಮುರಬ್ಬ ಸವರಿ, ಅದು ಕಾಣದಂತೆ ಮೇಲೆ ಸಾಸೇಜು ಮೆತ್ತುತ್ತಿದ್ದಳು. ಈ ವಿಷಯ ಗೊತ್ತಿದ್ದದ್ದು ಅಪ್ಪನಿಗೆ, ಅಮ್ಮನಿಗೆ, ನನಗೆ, ಮತ್ತು ಮೊಲಕ್ಕೆ.

ಅಪ್ಪ ಬಾರದ ದಿನ ನಾನು ಬಾಗಿಲ ಮೆಟ್ಟಿಲ ಮೇಲೆ ಕೂತೇ ಇದ್ದೆ. ಆಗಿನ್ನೂ ಶಾಲೆಗೆ ಸೇರಿರಲಿಲ್ಲ. ಸಾವು ಎಂದರೆ ಏನೆಂದು ಅರ್ಥವಾಗಲಿಲ್ಲ. ಮೊಲ ನನ್ನನ್ನು ಮರೆತದ್ದು ಮಾತ್ರ ಚೆನ್ನಾಗಿ ಅರ್ಥವಾಯಿತು.

ಇರಲಿ. ಕಳೆದ ಶರತ್ಕಾಲದಲ್ಲಿ ಒಂದು ದಿನ ಅಮ್ಮ ಅಡುಗೆಮನೆಯಲ್ಲಿ ಪ್ಲಮ್ ಹಣ್ಣಿನ ಬೀಜ ತೆಗೆಯುತ್ತ ಕೂತಿದ್ದಳು. ತಲೆ ಎತ್ತದೆ ಹೇಳಿದಳು.

"ಭಾನುವಾರ ನಾನೂ ಒಳಗೆ ಬರ್ತೀನಿ."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಗಣಿಗೆ. ಟಿಕೆಟ್ ದುಡ್ಡು ಕೊಡ್ತೀನಿ, ಹೆದರಬೇಡ."

ಆ ಭಾನುವಾರ ವರ್ಷದ ಕೊನೆಯ ಸುತ್ತು. ಚಳಿಗಾಲಕ್ಕೆ ಬಾವಲಿಗಳು ಒಳಗೆ ಬಂದು ತೂಗಿಕೊಂಡು ಮಲಗುತ್ತವೆ, ವಸಂತದವರೆಗೆ ಗಣಿ ಅವುಗಳದ್ದು.

"ಈಗ್ಯಾಕಮ್ಮ ಇದ್ದಕ್ಕಿದ್ದಂಗೆ? ಒಳಗೆ ಥಂಡಿ, ಜಾರುತ್ತೆ, ನಿನ್ನ ಮಂಡಿ ಬೇರೆ..."

"ಮಂಡಿಗೋಸ್ಕರಾನೇ ಹೇಳ್ತಿರೋದು. ಡಾಕ್ಟರು ಕೊಯ್ದು ಕಬ್ಬಿಣದ್ದು ಹಾಕ್ತಾರಂತೆ. ಬರೋ ವರ್ಷ ನಡೀತೀನೋ, ಯಾರಾದ್ರೂ ತಳ್ಕೊಂಡು ಹೋಗ್ತಾರೋ, ಯಾರಿಗೆ ಗೊತ್ತು."

ಹೆಚ್ಚು ಮಾತು ಬೆಳೆಸಿದರೆ ಸಂಶಯ ಬರುತ್ತದೆಂದು ಸುಮ್ಮನಾದೆ. ಅಂದು ಸಂಜೆ ಮನೆ ಬೆಚ್ಚಗಿಡುವ ಹೀಟರಿನ ಬಿಸಿನೀರಿನ ಕೊಳವೆಯಲ್ಲಿ ಮತ್ತೆ ಅದೇ ಟಕ್ ಟಕ್ ಸದ್ದು. ನಾನು ಮೇಲಿನ ಅಂತಸ್ತಿನಲ್ಲಿ, ಅಮ್ಮ ಕೆಳಗೆ. ಎರಡಕ್ಕೂ ಒಂದೇ ಕೊಳವೆ. ಪ್ರತಿ ಚಳಿಗಾಲದ ಗೋಳು ಅದು. ಕೊಳಾಯಿಯವನನ್ನು ಎಷ್ಟೋ ಸಲ ಕರೆಸಿದ್ದೆ. ಕೊಳವೆಯಲ್ಲಿ ಏನೂ ದೋಷವಿಲ್ಲ ಎಂದು ಹೇಳಿ, ಬಂದದ್ದಕ್ಕೆ ಹಣ ಇಸಿದುಕೊಂಡು ಹೋಗುತ್ತಿದ್ದ.

ಮರುದಿನ ಬೆಳಿಗ್ಗೆ ಲೋಥರನಿಗೆ ಸುದ್ದಿ ಮುಟ್ಟಿಸಿದೆ. ಅವನ ಮುಖ ಅವನ ಗಣಿಯ ಕಲ್ಲಿನ ಬಣ್ಣಕ್ಕೆ ತಿರುಗಿತು.

"ಬಡಿತ ತೆಗೆದುಬಿಡ್ತೀನಿ ರೋಸಿ. ಒಂದು ಕ್ಷಣ, ಗೊತ್ತೇ ಆಗಲಿಲ್ಲ, ಅಂತ ಹೇಳಿ ಮುಂದೆ ಹೋಗ್ತೀನಿ. ದೀಪಾನೂ ಆರಿಸಲ್ಲ."

"ಎಗೋನ್?"

"ಅಯ್ಯೋ ದೇವರೇ. ಎಗೋನ್."

ಎಗೋನ್ ಲೋಥರನ ಗುಂಪಿನ ಹಿಂಬಾಲಕ. ಸುರಂಗದಲ್ಲಿ ಮುಂದೊಬ್ಬ, ಹಿಂದೊಬ್ಬ ಇರಲೇಬೇಕು. ಕೊನೆಯವನು ದೀಪ ಹಿಡಿದು ಎಲ್ಲರ ಬೆನ್ನ ಹಿಂದೆ ನಡೆಯುತ್ತಾನೆ, ಒಬ್ಬರೂ ಒಳಗೆ ಉಳಿಯದಂತೆ. ಎಲ್ಲರೂ ಬಯಲಿಗೆ ಬೀಳುವ ತನಕ ಅವನು ಜಾಗ ಬಿಡುವಂತಿಲ್ಲ. ಎಗೋನ್ ಅಪ್ಪನ ಜೊತೆ ಗಣಿಯಲ್ಲಿ ದುಡಿದವನು. ಅಪ್ಪನನ್ನು ಅಗೆದು ತೆಗೆದವರಲ್ಲಿ ಈಗ ಉಳಿದಿರುವವನು ಅವನೊಬ್ಬನೇ. ಅವನ ಬಾಯಿಯ ವಿಷಯ ಹೇಳುವುದಾದರೆ, ಅವನು ಸತ್ಯವಂತ ಅನ್ನುವುದಕ್ಕಿಂತ ಅವನಿಗೆ ಬೇರೆ ದಾರಿ ಗೊತ್ತಿಲ್ಲ ಎನ್ನಬೇಕು. ಸಂಘದ ಉದ್ಘಾಟನೆಗೆ ಬಂದ ಮೇಯರ್‌ಗೆ, ನಿಮ್ಮ ಭಾಷಣ ನಮ್ಮ ಸುರಂಗಕ್ಕಿಂತ ಉದ್ದ, ಅಷ್ಟೇ ಕತ್ತಲು ಬೇರೆ, ಎಂದಿದ್ದ. ಲೋಥರನ ಮೊಮ್ಮಗಳ ನಾಮಕರಣದ ದಿನ ತೊಟ್ಟಿಲಿಗೆ ಬಗ್ಗಿ, ಪಾಪ, ಥೇಟ್ ಲೋಥರನ ಮೂಗು, ಎಂದಿದ್ದ. ಪಾದ್ರಿಗೆ, ಬೇಕರಿಯವನಿಗೆ, ಸ್ವಂತ ಹೆಂಡತಿಗೆ, ಯಾರಿಗೂ ರಿಯಾಯಿತಿ ಇರಲಿಲ್ಲ. ಅಮ್ಮನೊಡನೆ ಮಾತ್ರ ಅವನದು ಒಂದು ಮಾತೂ ಇಲ್ಲ. ಅವಳು ಎದುರಿಗೆ ಬಂದರೆ ರಸ್ತೆ ದಾಟಿಬಿಡುತ್ತಾನೆ. ಅಮ್ಮನ ಅಂಗಡಿಯಿಂದ ಒಂದು ತುಂಡು ಕೇಕು ಕೊಂಡವನಲ್ಲ. ಮನೆಯಿಂದ ತಂದ ಫ್ಲಾಸ್ಕಿನ ಕಾಫಿಯನ್ನು ಮಳೆಯಲ್ಲಿ ನಿಂತಾದರೂ ದೂರದಲ್ಲೇ ಕುಡಿಯುತ್ತಿದ್ದ. ಅವನಿಗೆ ಅಮ್ಮನನ್ನು ಕಂಡರೆ ಯಾವುದೋ ಹಳೆಯ ಸಿಟ್ಟು ಎಂದೇ ನಾನು ತಿಳಿದಿದ್ದೆ.

ಅವನನ್ನು ಹೆಲ್ಮೆಟ್ ಇಡುವ ಕೋಣೆಯಲ್ಲಿ ಹಿಡಿದೆವು.

"ಭಾನುವಾರ ನೀನು ಬಾಯಿ ಬಿಡಬಾರದು," ಎಂದ ಲೋಥರ್.

"ನಾನ್ಯಾಕೆ ಬಿಡಲಿ? ಬೊಗಳೋದು ನಿನ್ನ ಕೆಲಸ."

"ಹೆಡ್ವಿಗ್ ಚಿಕ್ಕಮ್ಮ ಬರ್ತಿದ್ದಾರೆ."

ಎಗೋನ್ ಕೈಯಲ್ಲಿದ್ದ ಹೆಲ್ಮೆಟ್ ಕೆಳಗಿಟ್ಟ. "ಹಾಗಾದ್ರೆ ನನಗೆ ಹುಷಾರಿಲ್ಲ."

"ಬೇರೆ ಯಾರೂ ಇಲ್ಲ ಎಗೋನ್. ನೀನು ಬರದಿದ್ರೆ ಸುತ್ತು ನಡೆಸೋ ಹಾಗಿಲ್ಲ. ಕೆಲವರು ಮುಂಗಡ ಟಿಕೆಟ್ ತಗೊಂಡಿದ್ದಾರೆ."

ಎಗೋನ್ ನನ್ನನ್ನು ಒಂದು ಸಲ ನೋಡಿದ, ಲೋಥರನನ್ನು ಒಂದು ಸಲ ನೋಡಿದ. ಏನನ್ನೋ ಬೈಯಲು ಬಾಯಿ ತೆರೆದವನು ಮುಚ್ಚಿಕೊಂಡು ಹೊರಗೆ ಹೋದ. ಬೈಯದೆ ಹೋದದ್ದು ನನಗೆ ವಿಚಿತ್ರವೆನಿಸಿತು.

ಭಾನುವಾರ ಅಮ್ಮ ಚರ್ಚಿಗೆ ತೊಡುವ ಕೋಟು ಹಾಕಿಕೊಂಡು ಬಂದಳು. ಅಂಗಡಿಯನ್ನು ಲೋಥರನ ಹೆಂಡತಿಗೆ ಒಪ್ಪಿಸಿ, ಕಿಟಕಿಯಲ್ಲಿ ದುಡ್ಡು ಕೊಟ್ಟು, ಚಿಲ್ಲರೆ ಕೇಳಿ ತೆಗೆದುಕೊಂಡಳು. ಹೆಲ್ಮೆಟ್ ಅವಳ ತಲೆಗೆ ದೊಡ್ಡದಾಗಿ ಕಿವಿಯವರೆಗೆ ಇಳಿಯಿತು. ನಾನೂ ಕಿಟಕಿ ಮುಚ್ಚಿ ಹಿಂದೆ ಹೊರಟೆ. ಅಂದಿನ ಗುಂಪಿನಲ್ಲಿ ಮದುಮಗಳನ್ನು ನೋಡಿ ಮುಗಿಸಿ ಬಂದ ಎರಡು ಸಂಸಾರಗಳು, ಒಂದಷ್ಟು ಚಾರಣದವರು, ಮತ್ತು ಡಾರ್ಟ್‌ಮುಂಡಿನ ಒಬ್ಬ ಮುದುಕ. ಈತ ಪ್ರತಿ ವರ್ಷ ಯಾರಾದರೂ ಹೊಸ ನೆಂಟರನ್ನು ಕಟ್ಟಿಕೊಂಡು ಬರುತ್ತಾನೆ, ಲೋಥರ್ ಬಾಯಿ ತೆರೆಯುವ ಮುಂಚೆಯೇ ಅರ್ಧ ವಿವರಣೆ ತಾನೇ ಕೊಟ್ಟಿರುತ್ತಾನೆ.

"ಗ್ಲುಕ್ ಔಫ್!" ಎಂದು ಲೋಥರ್ ಕೂಗಿದ. ಗಣಿಯವರ ನಮಸ್ಕಾರ ಅದು, ಕ್ಷೇಮವಾಗಿ ಮೇಲೆ ಬಾ ಎಂಬ ಹಾರೈಕೆ. ಎಲ್ಲರೂ ನಗುತ್ತ ತಿರುಗಿ ಕೂಗಿದರು. ಅಮ್ಮ ಮೆಲ್ಲಗೆ ಹೇಳಿದಳು. ಬಾಗಿಲ ಕಲ್ಲು ದಾಟುವಾಗ ಒಂದು ಗಳಿಗೆ ನಿಂತು, ಮಂಡಿ ಹಿಡಿದುಕೊಂಡು, ಕಾಲು ಒಳಗಿಟ್ಟಳು. ಆಕಾಶವೇನೂ ಕಳಚಿ ಬೀಳಲಿಲ್ಲ.

ಅಮ್ಮ ಎಲ್ಲವನ್ನೂ ನೋಡುತ್ತ ನಡೆದಳು. ಕಲ್ಲುಬಂಡಿಯ ಹಳಿ ಮುಟ್ಟಿದಳು. ಗೋಡೆಗೆ ಅಂಗೈ ಒತ್ತಿ, ಒದ್ದೆಯಾದ ಅಂಗೈಯನ್ನು ಮೂಸಿ ನೋಡಿದಳು. "ಅವನ ಅಂಗಿ ಇದೇ ವಾಸನೆ ಹೊಡೀತಿತ್ತು. ಎಷ್ಟು ಒಗೆದರೂ ಹೋಗ್ತಿರಲಿಲ್ಲ," ಎಂದಳು ನನಗೆ. ದೂರು ಹೇಳುವ ದನಿಯಲ್ಲೇ ಹೇಳಿದಳು. ಹಿಂದೆ ಎಗೋನನ ದೀಪ ಎಂದಿಗಿಂತ ಬಹಳ ದೂರದಲ್ಲಿ ಬರುತ್ತಿತ್ತು.

ಇಟ್ಟಿಗೆ ಗೋಡೆಯ ಬಳಿ ಬಂದೆವು. ಲೋಥರ್ ಗಂಟಲು ಸರಿಮಾಡಿಕೊಂಡ.

"ಇಲ್ಲಿ ಒಂದು ಅಪಘಾತ ಆಗಿತ್ತು. ನಮ್ಮವರೊಬ್ಬರು ತೀರಿಕೊಂಡರು. ಬಂಡೆ ಬಿದ್ದ ಕ್ಷಣವೇ, ಅವರಿಗೆ ಗೊತ್ತೇ ಆಗದ ಹಾಗೆ. ಅವರನ್ನ ನೆನೀತಾ ಮುಂದೆ ಹೋಗೋಣ."

"ಎಲ್ಲಿಗ್ರೀ ಮುಂದೆ?" ಎಂದ ಡಾರ್ಟ್‌ಮುಂಡಿನ ಮುದುಕ. "ಬಡಿತ ಎಲ್ಲಿ? ಎರಡು ದಿನ ಬಡಿದದ್ದು? ನಾನು ನಮ್ಮ ಭಾವನ್ನ ಅದಕ್ಕೇ ಕರ್ಕೊಂಡು ಬಂದಿರೋದು. ದೀಪ ಆರಿಸ್ರೀ!"

ನಾನು ಅಮ್ಮನ ತೋಳು ಹಿಡಿದೆ.

"ಅದು, ಬೇರೆ ಯಾವುದೋ ಗಣಿ ಇರಬೇಕು..." ಎಂದ ಲೋಥರ್.

"ಹೇಳು ಲೋಥರ್," ಎಂದಳು ಅಮ್ಮ. "ಅವರು ದುಡ್ಡು ಕೊಟ್ಟಿದ್ದಾರೆ. ನಾನೂ ಕೊಟ್ಟಿದ್ದೀನಿ. ಟಣ್ ಟಣ್ ಟಣ್, ಸ್ವಲ್ಪ ತಡೆದು ಮತ್ತೆ. ಹಾಗೆ ತಾನೇ?"

"ಚಿಕ್ಕಮ್ಮ... ನಿಮಗೆ ಯಾರು ಹೇಳಿದ್ರು?"

"ಯಾರು ಅಂದ್ರೆ? ನೀನು ಇಲ್ಲಿಂದ ಹೊರಗೆ ಕಳಿಸೋ ಒಂದೊಂದು ಮಗೂನೂ ಹೇಳಿದೆ. ಬಾಯಿ ತುಂಬಾ ಕೆನೆ ಮೆತ್ಕೊಂಡು. ಅಜ್ಜಿ ಅಜ್ಜಿ, ಒಳಗೆ ಒಬ್ಬ ಎರಡು ದಿನ ಬಡೀತಾನೇ ಇದ್ದನಂತೆ, ಯಾರಿಗೂ ತೆಗೆಯೋಕೆ ಆಗಲಿಲ್ಲವಂತೆ, ಅಂತ. ನಾನು ಇನ್ನೊಂದು ಚಮಚ ಕೆನೆ ಹಾಕಿ, ಹೌದಾ ಮರಿ, ಅಂತಿದ್ದೆ."

ಪಾದ್ರಿಯ ಬಾಯಿ ಮುಚ್ಚಿಸಿದ್ದೆವು, ಅಂಚೆಯವಳ ಬಾಯಿ ಮುಚ್ಚಿಸಿದ್ದೆವು. ಊರಿನ ಎಲ್ಲ ಬಾಗಿಲನ್ನೂ ಕಾದು, ಕೇಕಿನ ಅಂಗಡಿಯೊಂದನ್ನು ಮಾತ್ರ ಹಾರು ಹೊಡೆದು ಬಿಟ್ಟಿದ್ದೆವು. ಇಷ್ಟು ವರ್ಷ ನಮ್ಮಷ್ಟು ದಡ್ಡರು ಈ ಸೀಮೆಯಲ್ಲಿ ಇದ್ದಿರಲಾರರು.

"ಚಳಿಗಾಲದಲ್ಲಿ ಹೀಟರಿನ ಕೊಳವೆ ಬಿಸಿಯಾಗಿ ಟಕ್ ಅನ್ನುತ್ತೆ," ಅಮ್ಮ ಮುಂದುವರಿಸಿದಳು. ಅವಳ ದನಿ ಏರಲಿಲ್ಲ, ನಡುಗಲೂ ಇಲ್ಲ. "ಬಡಿತ ಕೇಳಿದವರು ಮರುಬಡೀಬೇಕು, ಅಲ್ವಾ ನಿಮ್ಮ ಕಟ್ಟಳೆ? ನಾನು ಹಾಸಿಗೆ ಪಕ್ಕ ಒಂದು ಚಮಚ ಇಟ್ಕೊಂಡಿದ್ದೀನಿ. ಕೊಳವೆ ಅಂತ ಗೊತ್ತು. ಆದ್ರೂ ಸುಮ್ಮನೆ ಮಲಗಿರೋಕೆ ಆಗಲ್ಲ."

ನನಗೆ ಆಗ ಕೊಳಾಯಿಯವನ ನೆನಪಾಯಿತು. ದೋಷವಿಲ್ಲದ ಕೊಳವೆಗೆ ನಾನು ಎಷ್ಟು ಸಲ ದುಡ್ಡು ಕೊಟ್ಟಿದ್ದೆ. ಅವಳ ತೋಳನ್ನು ಇನ್ನೂ ಗಟ್ಟಿಯಾಗಿ ಹಿಡಿದೆ.

ಲೋಥರ್ ಅಳತೊಡಗಿದ. ಅವನು ಅಳುವುದೂ ದೊಡ್ಡ ಗಂಟಲಿನಲ್ಲೇ. "ಸುಳ್ಳು ಚಿಕ್ಕಮ್ಮ! ಬಡಿತಾನೇ ಇರಲಿಲ್ಲ. ನಾನೇ ಕಟ್ಟಿದ ಸುಳ್ಳು, ಆ ದರಿದ್ರ ಮದುಮಗಳಿಗೋಸ್ಕರ. ನನ್ನ ತಾಯಾಣೆ!"

"ನಿಜ ಆಗಿದ್ರೂ ನೀನು ಈಗ ಹೀಗೇ ಹೇಳ್ತಿದ್ದೆ."

"ಚಿಕ್ಕಮ್ಮ..."

"ಒಳ್ಳೆ ಹುಡುಗ ನೀನು. ಅದೇ ತೊಂದರೆ. ಇವಳೂ ಹಾಗೇ ಹೇಳ್ತಾಳೆ, ಪಾದ್ರೀನೂ ಹಾಗೇ ಹೇಳ್ತಾನೆ. ನನ್ನ ಮನಸ್ಸು ನೋಯಿಸಬಾರದು ಅಂತ ಊರೆಲ್ಲ ಟೊಂಕ ಕಟ್ಕೊಂಡು ನಿಂತಿದೆ. ನಿಮ್ಮಲ್ಲಿ ಯಾರ ಮಾತು ನಂಬಲಿ ನಾನು?" ಅಮ್ಮ ಹಿಂದಕ್ಕೆ ತಿರುಗಿದಳು. ಹೆಲ್ಮೆಟ್ ತಿರುಗದೆ ತಲೆ ಮಾತ್ರ ತಿರುಗಿತು, ಅದನ್ನು ಸರಿಮಾಡಿಕೊಂಡಳು. "ಎಗೋನ್ ಎಲ್ಲಿ?"

ಜನ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಆ ತುದಿಯಲ್ಲಿ ಎಗೋನ್ ದೀಪ ಹಿಡಿದು ನಿಂತಿದ್ದ.

"ಹೊರಗೆ ನನ್ನ ಕಂಡ್ರೆ ರಸ್ತೆ ದಾಟ್ತೀಯ," ಎಂದಳು ಅಮ್ಮ. "ಇಲ್ಲಿ ದಾಟು ನೋಡೋಣ. ಎಲ್ಲರೂ ಬಯಲಿಗೆ ಹೋಗೋ ತನಕ ನೀನು ಜಾಗ ಬಿಡೋ ಹಾಗಿಲ್ಲ. ನಾನು ಹೋಗಲ್ಲ."

"ಕೇಳಬೇಡ ಹೆಡ್ವಿಗ್."

"ಬಡಿತ ಇತ್ತಾ?"

"ಬಡಿತ! ಈ ಲೋಥರನ ಬುರುಡೆಯೊಳಗೆ ಗಾಳಿ ಬಡ್ಕೊಳ್ಳೋದು ಬಿಟ್ರೆ ಇನ್ಯಾವ ಬಡಿತಾನೂ ಇರಲಿಲ್ಲ. ನೀರೆತ್ತೋ ಪಂಪು ನಿಲ್ಲಿಸಿ ಕೊಳವೆಗೆ ಕಿವಿ ಇಟ್ಟವನು ನಾನು."

"ನಿನಗೆ ಕೇಳಿಸದೇ ಇದ್ದಿರಬಹುದು."

ಮೇಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಎಗೋನ್ ದೀಪವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ಬಾಯಲ್ಲಿ ತುತ್ತು ಇತ್ತು," ಎಂದ.

"ಏನು?"

"ತುತ್ತು. ಬ್ರೆಡ್ಡು. ಕಚ್ಚಿದ್ದ, ಅಗಿದಿರಲಿಲ್ಲ. ನಾವು ಕಲ್ಲು ಸರಿಸಿದಾಗ ಹಾಗೇ ಇತ್ತು. ಎರಡು ದಿನ ಸುತ್ತಿಗೆ ಬಡಿಯೋನು ಬಾಯಲ್ಲಿ ತುತ್ತು ಇಟ್ಕೊಂಡು ಬಡೀತಾನಾ? ಊಟಕ್ಕೆ ಕೂತಿದ್ದ, ಕಚ್ಚಿದ, ಬಂಡೆ ಬಂತು. ಇದನ್ನ ನಿನಗೆ ಹೇಳೋದು ಬೇಡ, ಮರ್ಯಾದೆ ಅಲ್ಲ ಅಂತ ಆಗಿನ ಪಾದ್ರಿ ಅಂದ. ಆ ಪಾದ್ರಿ ಸತ್ತಾಗ ಅವನ ಬಾಯಲ್ಲಿ ಏನಿತ್ತೋ."

ಯಾರದೋ ಮಗು ಏನೋ ಕೇಳಿತು, ಅದರ ತಾಯಿ ಸುಮ್ಮನಿರಿಸಿದಳು. ಅಮ್ಮ ಎಗೋನನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಏನಿತ್ತು ಬ್ರೆಡ್ಡಿನಲ್ಲಿ?"

"ಲಿವರ್ ಸಾಸೇಜು."

"ಎಲ್ಲರ ಬುತ್ತೀಲೂ ಅದೇ ಇರ್ತಿತ್ತು."

"ಸಾಸೇಜಿನ ಕೆಳಗೆ ಪ್ಲಮ್ ಮುರಬ್ಬ," ಎಂದ ಎಗೋನ್. "ಥೂ. ಮನುಷ್ಯರು ತಿನ್ನೋದಾ ಅದನ್ನ?"

ಅಮ್ಮನ ತೋಳು ನನ್ನ ಕೈಯೊಳಗೆ ಸಡಿಲವಾಯಿತು. ಅವಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು, ತುಂಬ ಹೊತ್ತು ಹೊತ್ತ ಬಕೆಟ್ಟನ್ನು ಕೆಳಗಿಟ್ಟಾಗ ಬಿಡುವಂಥ ಉಸಿರು. ಆದರೆ ಅವಳು ಅಮ್ಮ, ಅಲ್ಲಿಗೆ ಬಿಡುವವಳಲ್ಲ.

"ಸತ್ತವನ ಬಾಯಿ ನೋಡಿ ಮುರಬ್ಬ ಅಂತ ಹೇಗೆ ಗೊತ್ತಾಯ್ತು ನಿನಗೆ?"

ಆಗ ಎಗೋನ್ ನನ್ನ ಕಡೆ ನೋಡಿದ. ನನ್ನ ನೆನಪಿನಲ್ಲಿ ಅವನು ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಈಗ ತಗ್ಗಿಸಿದ.

"ಇನ್ನರ್ಧ ಜೇಬಲ್ಲಿತ್ತು. ಕಾಗದ ಸುತ್ತಿ, ಮೂಲೆ ಮಡಚಿ ಇಟ್ಟಿದ್ದ. ಒಂದೇ ಸಮನೆ ಅಗೆದಿದ್ವಿ, ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಉಳಿದವರು ಸ್ಟ್ರೆಚರ್ ತರೋಕೆ ಹೋದ್ರು, ಅವನ ಹತ್ರ ನನ್ನ ಕೂರಿಸಿದ್ರು. ತಿಂದೆ. ಅವನ ಪಕ್ಕದಲ್ಲೇ ಕೂತು ತಿಂದೆ. ಮೊಲದ ಬುತ್ತಿ ಅಂತ ಗೊತ್ತಿತ್ತು, ಗೊತ್ತಿಲ್ಲದೆ ಏನು? ನಾನೂ ನನ್ನ ಮಕ್ಕಳಿಗೆ ಒಯ್ತಿದ್ದೆ. ಈ ಮಗು ಮೆಟ್ಟಿಲ ಮೇಲೆ ಕೂತಿರುತ್ತೆ ಅಂತಾನೂ ಗೊತ್ತಿತ್ತು. ಆದ್ರೂ ತಿಂದೆ. ಆಮೇಲೆ ನಿನ್ನ ಮುಖ ಹೇಗೆ ನೋಡ್ಲಿ ಹೆಡ್ವಿಗ್?"

ಲೋಥರ್ ಅಳುವುದನ್ನು ಮರೆತಿದ್ದ.

"ರುಚಿ ಇತ್ತಾ?" ಎಂದಳು ಅಮ್ಮ.

ಎಗೋನ್ ಯೋಚಿಸಿದ. ಸುಳ್ಳು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಅವನಿಗೆ ಈ ಜನ್ಮ ಪೂರ್ತಿ ಸಿಗುತ್ತಿರಲಿಲ್ಲ.

"ಇಲ್ಲ," ಎಂದ. "ಮುರಬ್ಬ ಜಾಸ್ತಿ ಆಗಿತ್ತು."

ಅಮ್ಮ ನಕ್ಕಳು. ಮೊದಲು ಕೆಮ್ಮಿದಂತೆ, ಆಮೇಲೆ ಹೆಲ್ಮೆಟ್ ಅಲ್ಲಾಡುವಂತೆ ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. "ಹೂಂ, ಅವತ್ತು ಜಾಸ್ತಿ ಹಾಕಿದ್ದೆ. ಬಾಟಲಿ ತಳ ಕೆರೆದು ಹಾಕಿದ್ದೆ." ಡಾರ್ಟ್‌ಮುಂಡಿನ ಮುದುಕ ಗೌರವಕ್ಕೆಂದು ಹೆಲ್ಮೆಟ್ ತೆಗೆದ.

"ಹಾಕ್ಕೊಳ್ರೀ ಅದನ್ನ," ಎಂದು ಗದರಿದ ಎಗೋನ್. "ಇದೇನು ಚರ್ಚಾ?"

ಹೊರಗೆ ಬರುವಾಗ ಅಮ್ಮ ಮುಂದೆ ಲೋಥರನ ತೋಳು ಹಿಡಿದು ನಡೆದಳು; ಅವನಿಗೇ ಆಸರೆ ಬೇಕಿತ್ತು. ನಾನು ಹಿಂದುಳಿದೆ. ಅಮ್ಮನಿಗೆ ಬೇಕಾದದ್ದು ಸಿಕ್ಕಿತ್ತು, ಅದು ನನಗೆ ತಿಳಿದಿತ್ತು. ನನಗೂ ಏನೋ ಸಿಕ್ಕಿದೆ ಎಂದು ತಿಳಿಯಲು ಸುರಂಗದ ಅರ್ಧ ದಾರಿ ಬೇಕಾಯಿತು. ಅಪ್ಪ ತಾನು ಕಚ್ಚುವ ಮುಂಚೆಯೇ ನನ್ನ ಪಾಲನ್ನು ತೆಗೆದಿಟ್ಟಿದ್ದ. ಮೂಲೆ ಮಡಚಿಟ್ಟಿದ್ದ. ಮೊಲ ನನ್ನನ್ನು ಮರೆತಿರಲಿಲ್ಲ. ಮೊಮ್ಮಕ್ಕಳಿರುವ ಹೆಂಗಸು ನಾನು, ಹಳಿಗಳ ನಡುವೆ ನಿಂತು ಬಿಕ್ಕಿ ಬಿಕ್ಕಿ ಅತ್ತೆ. ನನ್ನ ಹಿಂದೆ ಎಗೋನನ ದೀಪವೂ ನಿಂತಿತು. ಅವನು ನನ್ನನ್ನು ದಾಟಿ ಹೋಗುವಂತಿರಲಿಲ್ಲ.

ಆ ಚಳಿಗಾಲ ಕೊಳವೆ ಅಷ್ಟಿಷ್ಟು ಟಕ್ ಎನ್ನುತ್ತಿತ್ತು, ಮರುಬಡಿತ ಕೇಳಿಸಲಿಲ್ಲ. ಅಮ್ಮನ ಮಂಡಿ ಆಪರೇಷನ್ ಆಯಿತು. ಈಗ ಅವಳು ನನಗಿಂತ ಚೆನ್ನಾಗಿ ನಡೆಯುತ್ತಾಳೆ, ಅದನ್ನು ದಿನಾ ಹೇಳುತ್ತಾಳೆ. ವಸಂತದಲ್ಲಿ ಬಾವಲಿಗಳು ಗಣಿ ಬಿಟ್ಟುಕೊಟ್ಟವು. ಲೋಥರ್ ಈಗ ಗೋಡೆಯ ಬಳಿ ದೀಪ ಆರಿಸುವುದಿಲ್ಲ. ಊಟಕ್ಕೆ ಕೂತಿದ್ದ ಒಬ್ಬನ ಮೇಲೆ ಬಂಡೆ ಬಿತ್ತು, ಎಂದಷ್ಟೇ ಹೇಳುತ್ತಾನೆ. ಮಕ್ಕಳು ಕಿರುಚುವುದಿಲ್ಲ, ಟಿಕೆಟ್ ಮಾರಾಟ ಸ್ವಲ್ಪ ಇಳಿದಿದೆ, ಮದುಮಗಳ ಕಡೆಯವರು ಖುಷಿಯಾಗಿದ್ದಾರೆ.

ಗಣಿ ತೆರೆದ ಮೊದಲ ದಿನ ಎಗೋನ್ ಅಮ್ಮನ ಅಂಗಡಿಯೆದುರು ಬಂದು ನಿಂತ. ಪ್ಲಮ್ ಕೇಕು ಕೇಳಿದ, ಹಿಟ್ಟು ಸರಿಯಾಗಿ ಉಬ್ಬಿಲ್ಲ ಎಂದ, ಬೈಸಿಕೊಂಡ, ಅಲ್ಲೇ ನಿಂತು ತಿಂದ. ನಾನು ಕಿಟಕಿಯ ಹಿಂದೆ ಟಿಕೆಟ್ ಕಟ್ಟು ಬಿಚ್ಚುತ್ತಿದ್ದೆ. ಅವನು ಬಂದು ಏನನ್ನೋ ಕಿಟಕಿಯೊಳಗೆ ತಳ್ಳಿದ. ಕಾಗದದಲ್ಲಿ ಸುತ್ತಿ, ಮೂಲೆ ಮಡಚಿದ ಅರ್ಧ ತುಂಡು ಕೇಕು.

"ಏನಿದು?" ಎಂದೆ.

ಅವನು ರಸ್ತೆಯ ಕಡೆ ನೋಡಿದ, ಗುಡ್ಡದ ಕಡೆ ನೋಡಿದ, ಕಿವಿ ಕೆಂಪಾಯಿತು.

"ನನಗೇನು ಗೊತ್ತು?" ಎಂದ. "ದಾರಿಯಲ್ಲಿ ಮೊಲ ಸಿಕ್ಕಿತ್ತು. ನಿನಗೆ ಕೊಡು ಅಂತು."

ಎಗೋನನ ಬಾಯಿಂದ ನಾನು ಕೇಳಿದ ಮೊದಲ ಸುಳ್ಳು ಅದು. ಕಿಟಕಿ ಮುಚ್ಚಿ, ಸಾಲಿನಲ್ಲಿದ್ದವರನ್ನು ಕಾಯಿಸಿ, ಪೂರ್ತಿ ತಿಂದೆ.